ನರ್ಸಿಂಗ್ ಮುಗಿದ ಮೇಲೆ ಯಾವ ದಾರಿ? ಮೊದಲು ಒಂದು ದಿನ ಹೋಗಿ ನೋಡಿ ಬನ್ನಿ

ಕಾಕಾನ ಮಗಳು ಬಿಎಸ್ಸಿ ನರ್ಸಿಂಗ್ ಏಳನೇ ಸೆಮಿಸ್ಟರ್. ಹೋದ ತಿಂಗಳು ಒಂದು ರಾತ್ರಿ ಹತ್ತೂವರೆಗೆ ಫೋನ್ ಮಾಡಿ, "ಅಣ್ಣಾ, ಮುಂದ ಏನ್ ಮಾಡ್ಲಿ?" ಅಂದಳು. ನಾನು ಕ್ಯಾಜುವಲ್ಟಿಯಲ್ಲಿ ನೈಟ್ ಡ್ಯೂಟಿಯಲ್ಲಿದ್ದೆ. ಬೈಕಿನಿಂದ ಬಿದ್ದು ಬಂದವನೊಬ್ಬನಿಗೆ ಡ್ರೆಸ್ಸಿಂಗ್ ಮುಗಿಸಿ ಆಗಷ್ಟೇ ಕೈ ತೊಳೆದಿದ್ದೆ. "ಭಾನುವಾರ ಹುಬ್ಬಳ್ಳಿಗೆ ಬಾ, ಕೂತು ಮಾತಾಡೂಣು" ಅಂತ ಹೇಳಿ ಇಟ್ಟೆ.

ಭಾನುವಾರ ಗಿರ್ಮಿಟ್ಟಿನ ಪ್ಲೇಟ್ ಮುಂದೆ ಇಟ್ಟುಕೊಂಡು ಅವಳು ಒಂದೊಂದಾಗಿ ಹೇಳಿದಳು. ಕಾಕಾ ಸರ್ಕಾರಿ ನೌಕರಿ ಅಂತಾರೆ. ಮೇಡಂ ಎಂಎಸ್ಸಿ ಮಾಡು ಅಂತಾರೆ. ರೂಮಿನ ಹುಡುಗಿ ಜರ್ಮನಿಗೆ ಅಂತ ಭಾಷೆ ಕಲಿಯಲು ಹತ್ತಿದ್ದಾಳೆ. ಎಲ್ಲಾ ಕೇಳಿ ನಾನು ಒಂದೇ ಪ್ರಶ್ನೆ ಕೇಳಿದೆ. "ಇದರಾಗ ಯಾವ ಕೆಲಸ ಹೆಂಗಿರತೈತಿ ಅಂತ ಒಂದಿನಾ ಹೋಗಿ ನೋಡೀಯೇನು?" ಇಲ್ಲ ಅಂದಳು. ನಾನೂ ನೋಡಿರಲಿಲ್ಲ. ಅದಕ್ಕೇ ಎರಡು ವರ್ಷ ದಂಡ ಕಟ್ಟಿದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಬ್ಯಾಡಗಿ ಕಡೆಯವನು. ಅಪ್ಪ ಮೆಣಸಿನಕಾಯಿ ಬೆಳೆಯುತ್ತಾರೆ. 2017ರಲ್ಲಿ ನರ್ಸಿಂಗ್ ಮುಗಿಸಿದೆ. ಗಂಡು ಹುಡುಗ ನರ್ಸ್ ಏನು ಅಂತ ನಕ್ಕವರು ಈಗ ಮನೆಯಲ್ಲಿ ಯಾರಿಗಾದರೂ ಎದೆ ಹಿಡಿದರೆ ಮೊದಲು ನನಗೇ ಫೋನ್ ಮಾಡುತ್ತಾರೆ. ವಾರ್ಡಿನಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ. ಎಲ್ಲರಿಗೂ ನಾನು "ಬ್ರದರ್".

ನೋಡುವುದು ಹೇಗೆ

ಈಗಿನ ಹೊಸ ಸಿಲಬಸ್‌ನಲ್ಲಿ ಎಂಟನೇ ಸೆಮಿಸ್ಟರ್ ಅಂದರೆ 22 ವಾರಗಳ ಇಂಟರ್ನ್‌ಶಿಪ್. ಮೆಡಿಕಲ್-ಸರ್ಜಿಕಲ್, ಮಕ್ಕಳ ವಿಭಾಗ, ಹೆರಿಗೆ, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯ ಎಲ್ಲಾ ಕಡೆ ಪೋಸ್ಟಿಂಗ್ ಇರುತ್ತದೆ. ಬಹಳ ಜನ ಇದನ್ನು ಹಾಜರಿ ತುಂಬಿಸಲು ಬಳಸುತ್ತಾರೆ. ನೀವು ಹಾಗೆ ಮಾಡಬೇಡಿ. ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಳ್ಳಿ. ದಿನಾ ರಾತ್ರಿ ಎರಡೇ ವಿಷಯ ಬರೆಯಿರಿ. ಇವತ್ತು ಎಷ್ಟು ಸಲ ಗಡಿಯಾರ ನೋಡಿದೆ? ರೂಮಿಗೆ ಬಂದ ಮೇಲೆ ಯಾವ ರೋಗಿ ನೆನಪಾದ? ವಾರದ ಕೊನೆಗೆ ತಿರುವಿ ಹಾಕಿದರೆ, ಯಾವ ವಿಭಾಗ ನಿಮಗೆ ಒಗ್ಗುತ್ತದೆ ಅಂತ ಆ ಪುಟಗಳೇ ಹೇಳುತ್ತವೆ.

ನನಗೆ ತಿಳಿದದ್ದು ಕ್ಯಾಜುವಲ್ಟಿಯಲ್ಲಿ. ವಾಂತಿ-ಭೇದಿ ಆಗಿ ಕುಂದಗೋಳ ಕಡೆಯಿಂದ ಒಬ್ಬ ಅಜ್ಜಿ ಬಂದಿದ್ದಳು. ಮೈಯಲ್ಲಿ ನೀರೇ ಉಳಿದಿರಲಿಲ್ಲ, ನರಗಳೆಲ್ಲ ಒಳಗೆ ಹೋಗಿದ್ದವು. ಸಲೈನ್ ಹಾಕಲು ನರಕ್ಕೆ ಚುಚ್ಚುವ ಸಣ್ಣ ನಳಿಕೆ, ಗುಲಾಬಿ ಕ್ಯಾನುಲಾ ಹಿಡಿದು ಎರಡು ಸಲ ಚುಚ್ಚಿದೆ, ಎರಡೂ ಸಲ ತಪ್ಪಿತು. ಅಜ್ಜಿ ನನ್ನ ಮುಖ ನೋಡಿ, "ತಮ್ಮಾ, ನಿನ್ನ ಕೈ ನಡಗಾಕತ್ತಾವ. ಮದ್ಲ ನೀ ಒಂದೀಟು ನೀರು ಕುಡಿ, ಆಮ್ಯಾಲೆ ಚುಚ್ಚು" ಅಂದಳು. ನಿಜಕ್ಕೂ ಹೋಗಿ ನೀರು ಕುಡಿದು ಬಂದೆ. ಈ ಸಲ ನೀಲಿ ಕ್ಯಾನುಲಾ ತಗೊಂಡೆ, ಅದು ಒಂದು ಸೈಜ್ ಸಣ್ಣದು. ಮುಂಗೈ ಬಿಟ್ಟು ಮೊಣಕೈ ಕೆಳಗೆ ಬೆರಳಾಡಿಸಿ ಹುಡುಕಿದೆ. ರಕ್ತ ಬಂತು. ಆವತ್ತು ಗಡಿಯಾರ ನೋಡಿದ್ದು ಒಂದೇ ಸಲ, ಅದೂ ಡ್ಯೂಟಿ ಮುಗಿದು ಮುಕ್ಕಾಲು ಗಂಟೆ ಆದ ಮೇಲೆ.

ಇಂಟರ್ನ್‌ಶಿಪ್‌ನಲ್ಲಿ ಕಾಣದ ಕೆಲಸಗಳೂ ಇವೆ. ಡಯಾಲಿಸಿಸ್ ಯೂನಿಟ್, ಹೃದಯದ ರಕ್ತನಾಳ ನೋಡುವ ಕ್ಯಾತ್ ಲ್ಯಾಬ್, 108 ಆಂಬುಲೆನ್ಸ್, ಹಳ್ಳಿಯ ಉಪಕೇಂದ್ರ, ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್, ಸರ್ಕಾರದ "ನಮ್ಮ ಕ್ಲಿನಿಕ್". ನಿಮ್ಮ ಸೀನಿಯರ್ ಒಬ್ಬರಾದರೂ ಅಲ್ಲಿ ಇದ್ದೇ ಇರುತ್ತಾರೆ. ಅನುಮತಿ ಕೇಳಿ, ಒಂದು ಪಾಳಿ ಪೂರ್ತಿ ಪಕ್ಕದಲ್ಲಿ ನಿಲ್ಲಿ. ಅದು ಆಗದಿದ್ದರೆ ಡ್ಯೂಟಿ ಮುಗಿದ ಮೇಲೆ ಚಹಾಕ್ಕೆ ಕರೆಯಿರಿ. ನೈಟ್ ಮುಗಿಸಿ ಬಂದವರಿಗೆ ಮೊದಲು ತಿನ್ನಲು ಕೊಡಿಸಿ, ಪ್ರಶ್ನೆ ಆಮೇಲೆ.

ಪ್ರಶ್ನೆ ಕೇಳುವುದರಲ್ಲೂ ಒಂದು ರೀತಿ ಇದೆ. "ಕೆಲಸ ಹೆಂಗೈತ್ರೀ?" ಅಂದರೆ ಎಲ್ಲರೂ "ನಡದೈತಿ" ಅಂತಾರೆ. ಅಷ್ಟಕ್ಕೇ ಮುಗಿಯಿತು. ಅದರ ಬದಲು "ನಿನ್ನೆ ಬೆಳಿಗ್ಗೆಯಿಂದ ಸಂಜೆ ತನಕ ಏನೇನು ಮಾಡಿದ್ರಿ?" ಅಂತ ಕೇಳಿ. ಸಂಬಳ ಎಷ್ಟು ಅನ್ನಬೇಡಿ, ಯಾವ ತಾರೀಖಿಗೆ ಕೈಗೆ ಎಷ್ಟು ಬರುತ್ತದೆ ಅನ್ನಿ. ಕೊನೆಯ ಸಲ ರಜೆ ಯಾವಾಗ ಸಿಕ್ಕಿತ್ತು ಅಂತ ಕೇಳಿ. ಈ ಮೂರಕ್ಕೆ ಬರುವ ಉತ್ತರ ಸಾಮಾನ್ಯವಾಗಿ ನಿಜವೇ ಇರುತ್ತದೆ.

ಕಾಗದ ಪತ್ರ ನಿಮ್ಮ ಕೈಯಲ್ಲೇ ಇರಲಿ

ಯಾವ ದಾರಿ ಹಿಡಿದರೂ ಮೊದಲ ಮೆಟ್ಟಿಲು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ. ರಿಸಲ್ಟ್ ಬಂದ ಕೂಡಲೇ ಅರ್ಜಿ ಹಾಕಿ. ಕೆಲಸ ಸಿಕ್ಕ ಮೇಲೆ ಮಾಡಿದರಾಯಿತು ಅಂತ ಬಿಟ್ಟರೆ, ನೋಂದಣಿ ನಂಬರ್ ಕೇಳುವ ನೋಟಿಫಿಕೇಶನ್ ಬಂದಾಗ ಬೆಂಗಳೂರಿನ ಬಸ್ ಹತ್ತಬೇಕಾಗುತ್ತದೆ.

ನಮ್ಮ ಕಡೆಯವರಿಗೆ ಇನ್ನೊಂದು ತೊಂದರೆ ಇದೆ, ಅಡ್ಡಹೆಸರು. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ. ಆಧಾರ್‌ನಲ್ಲಿ ಅಪ್ಪನ ಹೆಸರು ಮಾಯ. ಡಿಗ್ರಿಯಲ್ಲಿ ಬರೀ ಇನಿಷಿಯಲ್. ಇಂಗ್ಲಿಷಿನಲ್ಲಿ ಒಂದು ಕಡೆ "ಗೌಡರ", ಇನ್ನೊಂದು ಕಡೆ "ಗೌಡ್ರ". ಊರಿನಲ್ಲಿ ಇದು ನಡೆಯುತ್ತದೆ, ಪಾಸ್‌ಪೋರ್ಟ್ ಆಫೀಸಿನಲ್ಲಿ ನಡೆಯುವುದಿಲ್ಲ. ಎಸ್ಸೆಸ್ಸೆಲ್ಸಿ ಕಾರ್ಡನ್ನೇ ಮೂಲ ಅಂತ ಇಟ್ಟುಕೊಂಡು ಉಳಿದದ್ದನ್ನು ಕಾಲೇಜಿನಲ್ಲಿ ಇರುವಾಗಲೇ ಸರಿಮಾಡಿಸಿ.

ಇನ್ನು ನನ್ನ ದಂಡದ ಕಥೆ. ಮೊದಲ ಕೆಲಸ ಒಂದು ಸಣ್ಣ ನರ್ಸಿಂಗ್ ಹೋಮ್‌ನಲ್ಲಿ. ಸಂಬಳ 11,500. ಎರಡು ವರ್ಷದ ಬಾಂಡ್ ಅಂತ ಒರಿಜಿನಲ್ ಸರ್ಟಿಫಿಕೇಟ್ ಎಲ್ಲಾ ತಗೊಂಡು ಬೀರುವಿನಲ್ಲಿ ಇಟ್ಟರು. ಎಲ್ಲರೂ ಕೊಟ್ಟಿದ್ದಾರೆ ಅಂತ ನಾನೂ ಕೊಟ್ಟೆ. ಹದಿನಾಲ್ಕನೇ ತಿಂಗಳಲ್ಲಿ ಒಂದು ಸರ್ಕಾರಿ ಹುದ್ದೆಯ ದಾಖಲೆ ಪರಿಶೀಲನೆಗೆ ಕರೆ ಬಂತು. ಹತ್ತು ದಿನ ಟೈಮ್ ಇತ್ತು. ಹೋಗಿ ಕೇಳಿದೆ. ಬೀರುವಿನ ಕೀಲಿ ಸಾಹೇಬರ ಹತ್ತಿರ ಇದೆ ಅಂದರು. ಸಾಹೇಬರು ಊರಲ್ಲಿ ಇರಲಿಲ್ಲ. ಬಂದ ಮೇಲೆ ಮೂರು ತಿಂಗಳ ಸಂಬಳ ಕಟ್ಟು ಅಂದರು. ಅಪ್ಪ ಮೆಣಸಿನಕಾಯಿ ಚೀಲ ಮಾರಿ ದುಡ್ಡು ತಂದರು. ಪರಿಶೀಲನೆ ಇದ್ದದ್ದು ಸೋಮವಾರ. ಸರ್ಟಿಫಿಕೇಟ್ ಕೈಗೆ ಬಂದದ್ದು ಮಂಗಳವಾರ.

ಅದಕ್ಕೇ ಹೇಳುವುದು, ಒರಿಜಿನಲ್ ತೋರಿಸಿ, ಕೊಡಬೇಡಿ. ದೃಢೀಕರಿಸಿದ ಜೆರಾಕ್ಸ್ ಕೊಡಿ. ಒರಿಜಿನಲ್ಲೇ ಬೇಕು ಅಂತ ಹಟ ಹಿಡಿದರೆ ಎದ್ದು ಬನ್ನಿ. ಹುಬ್ಬಳ್ಳಿಯಲ್ಲಿ ನರ್ಸ್ ಬೇಕಾದ ಆಸ್ಪತ್ರೆ ಅದೊಂದೇ ಅಲ್ಲ.

ಮೊದಲ ಕೆಲಸ ಆರಿಸುವಾಗ

ಮೊದಲ ಎರಡು ವರ್ಷ ಸಂಬಳಕ್ಕಿಂತ ಜಾಸ್ತಿ ನೋಡಬೇಕಾದದ್ದು ಮುಂದೆ ನಿಮ್ಮ ಪರವಾಗಿ ಮಾತಾಡುವ ಅನುಭವ ಪತ್ರ. ಮುಂದೆ ಗಲ್ಫ್‌ನಂಥ ಕಡೆ ಹೋದರೆ ದಾಖಲೆ ಪರಿಶೀಲಿಸುವ ಕಂಪನಿ ಡೇಟಾಫ್ಲೋದವರು ನಿಮ್ಮ ಹಳೆಯ ಆಸ್ಪತ್ರೆಗೇ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ. ಅಲ್ಲಿ ಉತ್ತರ ಕೊಡುವವರು ಇಲ್ಲದಿದ್ದರೆ ನಿಮ್ಮ ಎರಡು ವರ್ಷ ಗಾಳಿಗೆ ಹೋಯಿತು.

ಹಾಗಾಗಿ ಸೇರುವ ಮೊದಲೇ ವಿಚಾರಿಸಿ. ಆಸ್ಪತ್ರೆಗೆ ಕೆಪಿಎಂಇ, ಅಂದರೆ ರಾಜ್ಯದ ಖಾಸಗಿ ಆಸ್ಪತ್ರೆ ಕಾಯ್ದೆಯ ನೋಂದಣಿ ಇದೆಯಾ? ಹಾಸಿಗೆ ಎಷ್ಟು? ಸಂಬಳ ಬ್ಯಾಂಕಿಗೆ ಬರುತ್ತದೋ, ಕೈಗೆ ಕೊಡುತ್ತಾರೋ? ಪಿಎಫ್ ಕಟ್ಟುತ್ತಾರಾ? ಪಿಎಫ್ ಖಾತೆ ಅಂದರೆ ಬರೀ ಉಳಿತಾಯ ಅಲ್ಲ, ನೀವು ಅಲ್ಲಿ ಇದ್ದದ್ದಕ್ಕೆ ಯಾರೂ ಅಳಿಸಲಾಗದ ಸಾಕ್ಷಿ. ಹಾಸಿಗೆ ಲೆಕ್ಕ ಯಾಕೆ ಅಂದರೆ, ಜಿಎನ್ಎಂ (ನರ್ಸಿಂಗ್ ಡಿಪ್ಲೊಮಾ) ಮಾಡಿದವರು ಏಮ್ಸ್ ಪರೀಕ್ಷೆ ಬರೆಯಲು ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದಿರಬೇಕು. ಬಿಎಸ್ಸಿಯವರಿಗೆ ಆ ಷರತ್ತಿಲ್ಲ. ನನ್ನ ಜಿಎನ್ಎಂ ಗೆಳೆಯನೊಬ್ಬ 30 ಹಾಸಿಗೆಯ ಆಸ್ಪತ್ರೆಯಲ್ಲಿ ಮೂರು ವರ್ಷ ಕಳೆದು, ಆಮೇಲೆ ನೋಟಿಫಿಕೇಶನ್ ಓದಿದ.

ಐಸಿಯುಗೆ ಸೇರುವುದಾದರೆ ಒಂದು ಪಾಳಿಯಲ್ಲಿ ಒಬ್ಬರಿಗೆ ಎಷ್ಟು ವೆಂಟಿಲೇಟರ್ ರೋಗಿಗಳು ಅಂತ ಕೇಳಿ. ಒಬ್ಬ ರೋಗಿಗೆ ಒಬ್ಬ ನರ್ಸ್ ಇರಬೇಕು. "ಹೊಂದಿಸಿಕೊಂಡು ಹೋಗಬೇಕು" ಅಂತ ಉತ್ತರ ಬಂದರೆ ಅರ್ಥ ಮಾಡಿಕೊಳ್ಳಿ.

ಬಿಡುವ ದಿನ ಪತ್ರದಲ್ಲಿ ಸೇರಿದ ತಾರೀಖು, ಬಿಟ್ಟ ತಾರೀಖು, ವಿಭಾಗದ ಹೆಸರು, ಹಾಸಿಗೆ ಸಂಖ್ಯೆ, ಸಹಿ ಮಾಡಿದವರ ಹೆಸರು ಎಲ್ಲಾ ಇದೆಯಾ ನೋಡಿಕೊಂಡೇ ಹೊರಗೆ ಬನ್ನಿ.

ಸರ್ಕಾರಿ ನೌಕರಿ

ಕಾಕಾನ ಬಾಯಲ್ಲಿ ಸರ್ಕಾರಿ ನೌಕರಿ ಅಂದರೆ ಒಂದೇ. ನಿಜವಾಗಿ ಅದರಲ್ಲಿ ಐದಾರು ಬಗೆ ಇವೆ, ತಯಾರಿ ಬೇರೆ ಬೇರೆ.

ಏಮ್ಸ್‌ಗಳಿಗೆ ನಾರ್ಸೆಟ್ ಪರೀಕ್ಷೆ. 2020ರಲ್ಲಿ ಶುರುವಾಯಿತು, ಈಚಿನ ವರ್ಷಗಳಲ್ಲಿ ವರ್ಷಕ್ಕೆ ಎರಡು ಸಲ ನಡೆಯುತ್ತಿದೆ. ಪ್ರಿಲಿಮ್ಸ್, ಮೇನ್ಸ್ ಎರಡು ಹಂತ. ವಯಸ್ಸು 18ರಿಂದ 30, ಮೀಸಲಾತಿ ಇದ್ದವರಿಗೆ ಸಡಿಲಿಕೆ ಇದೆ. ಕೇಂದ್ರದ ವೇತನ ಶ್ರೇಣಿಯಲ್ಲಿ ಲೆವೆಲ್ 7, ಮೂಲ ವೇತನವೇ 44,900ರಿಂದ ಶುರು. ಏಮ್ಸ್‌ನಲ್ಲಿ ನೂರಕ್ಕೆ 80 ಹುದ್ದೆ ಹೆಣ್ಣುಮಕ್ಕಳಿಗೆ, 20 ನಮ್ಮಂಥವರಿಗೆ. ತಪ್ಪು ಉತ್ತರಕ್ಕೆ ಮೂರನೇ ಒಂದು ಅಂಕ ಕಡಿತ. ನಾನು ಎರಡು ಸಲ ಬರೆದೆ. ಮೊದಲ ಸಲ ಗೊತ್ತಿಲ್ಲದ್ದನ್ನೆಲ್ಲ ಅಂದಾಜಿಗೆ ಒತ್ತಿ ಬಂದು ಕೆಟ್ಟೆ. ಎರಡನೇ ಸಲ ಹೆದರಿ ಬಹಳ ಬಿಟ್ಟು ಬಂದು ಕೆಟ್ಟೆ. ಎರಡು ಆಯ್ಕೆ ತೆಗೆದು ಹಾಕಲು ಬಂದರೆ ಮಾತ್ರ ಒತ್ತಿ ಅಂತ ಕಾಕಾನ ಮಗಳಿಗೆ ಹೇಳಿದ್ದೇನೆ.

ರೈಲ್ವೆಯನ್ನು ನಮ್ಮವರು ಮರೆತೇಬಿಡುತ್ತಾರೆ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲೇ ಇದೆ, ರೈಲ್ವೆ ಆಸ್ಪತ್ರೆಯೂ ಇದೆ. ಆರ್‌ಆರ್‌ಬಿ (ರೈಲ್ವೆ ನೇಮಕಾತಿ ಮಂಡಳಿ) ಪರೀಕ್ಷೆಯ ನರ್ಸಿಂಗ್ ಸೂಪರಿಂಟೆಂಡೆಂಟ್ ಹುದ್ದೆಯೂ ಲೆವೆಲ್ 7. ನೂರು ಪ್ರಶ್ನೆಗಳಲ್ಲಿ 70 ನರ್ಸಿಂಗ್, ಉಳಿದದ್ದು ಜನರಲ್ ನಾಲೆಜ್, ಲೆಕ್ಕ, ವಿಜ್ಞಾನ. ದೊಡ್ಡ ಅನುಕೂಲ ಅಂದರೆ ಕನ್ನಡದಲ್ಲಿ ಬರೆಯಬಹುದು. ಆದರೆ 2024ಕ್ಕೆ ಮೊದಲು ವರ್ಷ ವರ್ಷ ಕರೆಯುತ್ತಿರಲಿಲ್ಲ. ಇದನ್ನೊಂದೇ ನಂಬಿ ಕೂರಬೇಡಿ.

ಸೇನೆಯ ಮಿಲಿಟರಿ ನರ್ಸಿಂಗ್ ಸರ್ವಿಸ್‌ಗೆ ಹೆಣ್ಣುಮಕ್ಕಳನ್ನು ತಗೊಳ್ಳುತ್ತಾರೆ. ಸೇರುವಾಗಲೇ ಲೆಫ್ಟಿನೆಂಟ್.

ರಾಜ್ಯದ ಹುದ್ದೆಗಳಲ್ಲಿ ನಾವು ಧಾರವಾಡ, ಗದಗ, ಹಾವೇರಿಯವರು ಕಲ್ಯಾಣ ಕರ್ನಾಟಕದವರಿಗೆ ಇರುವ 371ಜೆ ಮೀಸಲಾತಿಗೆ ಬರುವುದಿಲ್ಲ. ಗದಗ ದಾಟಿ ಕೊಪ್ಪಳ ಜಿಲ್ಲೆಗೆ ಕಾಲಿಟ್ಟರೆ ಅವರು ಬರುತ್ತಾರೆ. ಆದರೆ ಒಂದರಿಂದ ಹತ್ತರ ತನಕ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮದ ಮೀಸಲಾತಿ ಇದೆ. ಆ ಪ್ರಮಾಣಪತ್ರಗಳಿಗೆ ಹಳೆಯ ಶಾಲೆಯ ಹೆಡ್‌ಮಾಸ್ಟರ್ ಸಹಿ ಬೇಕು. ಬೇಸಿಗೆ ರಜೆಯಲ್ಲಿ ಹೋದರೆ ಶಾಲೆಗೆ ಬೀಗ. ಜೂನ್‌ನಲ್ಲೇ ಮಾಡಿಸಿ ಇಡಿ.

ಓದಲು ಧಾರವಾಡಕ್ಕೆ ಹೋಗಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಸಪ್ತಾಪುರದ ಕಡೆ ಹೋದರೆ ಗಲ್ಲಿ ಗಲ್ಲಿಗೆ ಕೋಚಿಂಗ್, ಸ್ಟಡಿ ರೂಮ್. ನಾನು ಹುಬ್ಬಳ್ಳಿಯ ಐಸಿಯುನಲ್ಲಿ ಇದ್ದಾಗ ರಜೆಯ ದಿನ ಚಿಗರಿ ಬಸ್ ಹತ್ತಿ ಅಲ್ಲಿ ಹೋಗಿ ಕೂರುತ್ತಿದ್ದೆ. ಕೆಲಸ ಬಿಟ್ಟು ಎರಡು ವರ್ಷ ಬರೀ ಓದಲು ಕೂರುವುದು ಮಾತ್ರ ನನಗೆ ಒಪ್ಪಿಗೆ ಇಲ್ಲ. ನರ್ಸ್‌ಗೆ ಕೈ ಬಿಟ್ಟುಹೋದರೆ ಮತ್ತೆ ಕೂಡುವುದು ಕಷ್ಟ. ಅಷ್ಟಕ್ಕೂ ಈಚೆಗೆ ಪ್ರಶ್ನೆಗಳೇ ವಾರ್ಡಿನಿಂದ ಬರುತ್ತಿವೆ.

ಹಳ್ಳಿಯ ಉಪಕೇಂದ್ರ

ಜಿಲ್ಲಾ ಆರೋಗ್ಯ ಇಲಾಖೆ ಎನ್‌ಎಚ್‌ಎಂ (ರಾಷ್ಟ್ರೀಯ ಆರೋಗ್ಯ ಅಭಿಯಾನ) ಅಡಿ ಗುತ್ತಿಗೆಗೆ ತಗೊಳ್ಳುವ ಕೆಲಸಗಳಲ್ಲಿ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ ಒಂದು. ನನ್ನ ಕ್ಲಾಸ್‌ಮೇಟ್ ಒಬ್ಬಳು ಶಿರಹಟ್ಟಿ ಕಡೆ ಒಂದು ಹಳ್ಳಿಯಲ್ಲಿ ಸಿಎಚ್‌ಒ. ಒಂದು ಸಲ ರಜೆ ಹಾಕಿ ನೋಡಲು ಹೋಗಿದ್ದೆ. ಬಿತ್ತನೆ ದಿನಗಳು. ಹೊಲಕ್ಕೆ ಹೋಗುವ ಮೊದಲೇ ಏಳೆಂಟು ಜನ ಕಟ್ಟೆಯ ಮೇಲೆ ಕೂತಿದ್ದರು. ಒಬ್ಬ ಅಜ್ಜನ ತೋಳಿಗೆ ಪಟ್ಟಿ ಸುತ್ತಿದಳು. ಬಿಪಿ 164ಕ್ಕೆ 100.

"ಅಜ್ಜಾರ, ಗುಳಿಗಿ ತಗೋತೀರಿಲ್ರಿ?"

"ಮೈ ಹಗುರ ಆಗಿತ್ತವ್ವಾ. ಆರಾಮ ಆತು ಅಂತ ಬಿಟ್ಟೆ."

ಅವಳು ಬೈಯಲಿಲ್ಲ. ರೊಟ್ಟಿ ಜೊತೆ ಏನು ತಿನ್ನುತ್ತೀರಿ, ಉಪ್ಪಿನಕಾಯಿ ಎಷ್ಟು, ಮನೆಯಲ್ಲಿ ಗುಳಿಗೆ ಡಬ್ಬಿ ಎಲ್ಲಿಡುತ್ತೀರಿ ಅಂತ ಕೇಳಿದಳು. ಇ-ಸಂಜೀವಿನಿಯಲ್ಲಿ ಡಾಕ್ಟರ್ ಜೊತೆ ಮಾತಾಡಿಸಬೇಕಿತ್ತು. ಒಳಗೆ ನೆಟ್‌ವರ್ಕ್ ಇಲ್ಲ. ಅಜ್ಜನನ್ನು ಕೈಹಿಡಿದು ಹೊರಗೆ ಬೇವಿನ ಮರದ ತನಕ ಕರೆದುಕೊಂಡು ಹೋಗಿ ಅಲ್ಲಿಂದ ಮಾತಾಡಿಸಿದಳು. ಮಂಗಳವಾರ ಆಶಾ ಕಾರ್ಯಕರ್ತೆ ಜೊತೆ ನಿಮ್ಮ ಮನೆಗೇ ಬರುತ್ತೇನೆ, ಡಬ್ಬಿ ನೋಡುತ್ತೇನೆ ಅಂದಳು. ಆಮೇಲೆ ರಿಜಿಸ್ಟರ್, ಆಮೇಲೆ ಮೊಬೈಲ್‌ನಲ್ಲಿ ಅದೇ ಎಂಟ್ರಿ, 30 ದಾಟಿದವರ ಬಿಪಿ, ಶುಗರ್, ಕ್ಯಾನ್ಸರ್ ತಪಾಸಣೆಯ ಲೆಕ್ಕ.

ಮಧ್ಯಾಹ್ನದೊಳಗೆ ನಾನು ಹನ್ನೊಂದು ಸಲ ಗಡಿಯಾರ ನೋಡಿದ್ದೆ. ಅವಳಿಗೆ ಅಲ್ಲಿ ನಾಲ್ಕು ವರ್ಷ ಹೋದದ್ದೇ ಗೊತ್ತಾಗಿಲ್ಲವಂತೆ. ಕೆಲಸ ಕಾಯಂ ಅಲ್ಲ, ಆ ಚಿಂತೆ ಅವಳಿಗೂ ಇದೆ. ಆದರೆ ಊರಿನ ಜನ ಅವಳನ್ನು ಹೆಸರು ಹಿಡಿದು ಕರೆಯುತ್ತಾರೆ. ನನ್ನನ್ನು ಇಲ್ಲಿ ಯಾರೂ ಹಾಗೆ ಕರೆಯುವುದಿಲ್ಲ ಅಲ್ವಾ.

ವಿದೇಶ

ದುಡ್ಡು ಜಾಸ್ತಿ, ಸುಳ್ಳೂ ಜಾಸ್ತಿ ಇರುವ ದಾರಿ ಇದು. ಯುಕೆಗೆ ಮೊದಲು ಇಂಗ್ಲಿಷ್ ಭಾಷೆಯ ಪರೀಕ್ಷೆ, ಒಇಟಿ ಅಥವಾ ಐಇಎಲ್‌ಟಿಎಸ್, ಆಮೇಲೆ ಕಂಪ್ಯೂಟರ್‌ನಲ್ಲಿ ಬರೆಯುವ ನರ್ಸಿಂಗ್ ಪರೀಕ್ಷೆ, ಅಲ್ಲಿಗೆ ಹೋಗಿ ಆಸ್ಕಿ ಎಂಬ ಪ್ರಾಕ್ಟಿಕಲ್. ಐಇಎಲ್‌ಟಿಎಸ್‌ನಲ್ಲಿ ಬರವಣಿಗೆಗೆ 6.5, ಉಳಿದ ಮೂರಕ್ಕೆ 7 ಬೇಕು. ಕನ್ನಡ ಮಾಧ್ಯಮದವರಿಗೆ ಓದುವುದಕ್ಕಿಂತ ಬರೆಯುವುದು ಕಷ್ಟ, ಅದಕ್ಕೇ ದಿನಾ ಟೈಮ್ ಕೊಡಿ. ಯುಕೆ ಈಗ ಮೊದಲಿನಷ್ಟು ಜನರನ್ನು ಹೊರಗಿನಿಂದ ತಗೊಳ್ಳುತ್ತಿಲ್ಲ, ಅದೂ ಗೊತ್ತಿರಲಿ. ಜರ್ಮನಿಗೆ ಜರ್ಮನ್ ಭಾಷೆ ಬಿ2 ಮಟ್ಟದ ತನಕ ಬರಬೇಕು. ಅದು ಮೂರು ತಿಂಗಳಲ್ಲಿ ಆಗುವ ಮಾತಲ್ಲ. ಗಲ್ಫ್‌ಗೆ ಸಾಮಾನ್ಯವಾಗಿ ಎರಡು ವರ್ಷದ ಅನುಭವ, ಡೇಟಾಫ್ಲೋ, ಆ ದೇಶದ ಪರೀಕ್ಷೆ.

ಏಜೆಂಟ್‌ಗೆ ದುಡ್ಡು ಕೊಡುವ ಮೊದಲು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಅವನ ಲೈಸೆನ್ಸ್ ಇದೆಯಾ ನೋಡಿ. ನಿಯಮದ ಪ್ರಕಾರ ಅವನು ತಗೊಳ್ಳಬಹುದಾದ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಅಷ್ಟೇ. ನಾಲ್ಕು ಲಕ್ಷ ಕೇಳಿದರೆ ಅವನು ಕಳಿಸುವುದು ವಿದೇಶಕ್ಕಲ್ಲ, ಸಾಲದ ಬಾವಿಗೆ. ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಾಯಿಸೋಣ ಅಂದರೆ ಮಾತು ಅಲ್ಲಿಗೇ ನಿಲ್ಲಿಸಿ. ಸೌದಿ, ಕುವೈತ್‌ನಂಥ ದೇಶಗಳಿಗೆ ನರ್ಸ್ ಆಗಿ ಹೋಗುವವರಿಗೆ ಇ-ಮೈಗ್ರೇಟ್ ಮೂಲಕವೇ ಅನುಮತಿ ಆಗಬೇಕು. ನಮ್ಮ ರಾಜ್ಯದ ಕೌಶಲ್ಯಾಭಿವೃದ್ಧಿ ನಿಗಮದಲ್ಲೂ ವಿದೇಶಿ ಕೆಲಸಗಳಿಗೆ ಅಂತಲೇ ಒಂದು ಕೇಂದ್ರ ಇದೆ, ಮೊದಲು ಅಲ್ಲಿ ವಿಚಾರಿಸಿ.

ಉಳಿದವು

ಎಂಎಸ್ಸಿ ಮಾಡಲು ಬಿಎಸ್ಸಿ ಆದ ಮೇಲೆ ಒಂದು ವರ್ಷದ ಅನುಭವ ಬೇಕು. ಪಾಠ ಮಾಡಲು ಇಷ್ಟ ಇದ್ದರೆ ಮಾಡಿ. ಮದುವೆ ತನಕ ಟೈಮ್‌ಪಾಸ್ ಅಂತ ಮಾತ್ರ ಬೇಡ. ಎರಡು ವರ್ಷದ ಎಂಎಸ್ಸಿ ಬೇಡ ಅನ್ನುವವರಿಗೆ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾಗಳು ಇವೆ, ಕ್ರಿಟಿಕಲ್ ಕೇರ್, ಆಪರೇಶನ್ ಥಿಯೇಟರ್, ಕ್ಯಾನ್ಸರ್, ನವಜಾತ ಶಿಶು, ಮಾನಸಿಕ ಆರೋಗ್ಯ ಹೀಗೆ. ಮಾನಸಿಕ ಆರೋಗ್ಯದ ಕಡೆ ಮನಸ್ಸಿದ್ದರೆ ದೂರ ಹೋಗಬೇಕಿಲ್ಲ, ಧಾರವಾಡದ ಡಿಮ್ಹಾನ್ಸ್ ಇದೆ. ಆ ಪೋಸ್ಟಿಂಗ್‌ಗೆ ಹೆದರಿಕೊಂಡು ಹೋದ ನನ್ನ ಬ್ಯಾಚಿನ ಹುಡುಗ ಈಗ ಅದೇ ಕ್ಷೇತ್ರದಲ್ಲಿದ್ದಾನೆ. ಇನ್ಫೆಕ್ಷನ್ ಕಂಟ್ರೋಲ್ ನರ್ಸ್, ಕ್ವಾಲಿಟಿ ವಿಭಾಗ, ಇನ್ಶೂರೆನ್ಸ್ ಕ್ಲೇಮ್ ಇವೆಲ್ಲ ನೈಟ್ ಡ್ಯೂಟಿ ಸಾಕಾದವರಿಗೆ ಒಳ್ಳೆಯವು. ಆದರೆ ಮೊದಲು ವಾರ್ಡಿನಲ್ಲಿ ಒಂದಷ್ಟು ವರ್ಷ ಕಳೆದಿರಬೇಕು.

ಕಾಕಾನ ಮಗಳು ಆಮೇಲೆ ಒಂದು ಡಯಾಲಿಸಿಸ್ ಯೂನಿಟ್‌ನಲ್ಲಿ ಒಂದು ದಿನ ನಿಂತು ಬಂದಳು. ಬೆಳಿಗ್ಗೆ ಏಳರಿಂದ ಎರಡರ ತನಕ. ಅದೇ ರೋಗಿಗಳು ವಾರಕ್ಕೆ ಎರಡು ಮೂರು ಸಲ ಬರುತ್ತಾರೆ, ಸಿಸ್ಟರ್‌ಗೆ ಅವರ ಮಕ್ಕಳ ಪರೀಕ್ಷೆ ಯಾವಾಗ ಅಂತಲೂ ಗೊತ್ತಿದೆ ಅಂದಳು. ಗಡಿಯಾರ ಎಷ್ಟು ಸಲ ನೋಡಿದೆ ಅಂದೆ. ಎರಡು ಅಂದಳು. ಇನ್ನು 108 ಆಂಬುಲೆನ್ಸ್‌ನವರ ಜೊತೆ ಮಾತಾಡಬೇಕಂತೆ. ಅದಕ್ಕೂ ಮೊದಲು ಆಧಾರ್‌ನಲ್ಲಿ ಅವಳ ಅಡ್ಡಹೆಸರು ಸರಿಮಾಡಿಸಬೇಕು. ಸೋಮವಾರ ನನಗೆ ನೈಟ್, ಹಗಲು ಬಿಡುವು. ಎಸ್ಸೆಸ್ಸೆಲ್ಸಿ ಕಾರ್ಡ್ ತಗೊಂಡು ಹತ್ತು ಗಂಟೆಯೊಳಗೆ ಬಾ ಅಂತ ಹೇಳಿದ್ದೇನೆ.